ಕೊಲೋನಿಯಾ ದಾರಿಯಲ್ಲಿ ಜೀವಿಗಣತಿ

ಕೊಲೋನಿಯಾದ ಜಾಕ್ಸ್ ಸ್ಟೇಷನ್ನಿನಲ್ಲಿ, ಜೀವಿಗಳ ಮಾದರಿ ಕೊಳ್ಳುವ ವಿಸ್ಟಾ ಜಿನೋಮಿಕ್ಸ್ ಕೌಂಟರಿನಲ್ಲಿ ಕೊನೆಯ ಮಾದರಿಯನ್ನೂ ಮಾರಿ ಮುಗಿಸಿದ್ದು ಕಳೆದ ಶನಿವಾರ. ಮುಂಗಾರು ಹಿಡಿಯುವ ಹೊತ್ತಿಗೆ ಹೊರಟವಳು ದೀಪಾವಳಿಯ ಹೊತ್ತಿಗೆ ತಲುಪಿದೆ. ಸೂರ್ಯನಿಂದ 22,000 ಜ್ಯೋತಿರ್ವರ್ಷ, ಹಡಗಿನಲ್ಲಿ ನಾನೊಬ್ಬಳೇ. ಹೊರಡುವ ಮೊದಲು ಈ ಬಗ್ಗೆ ಕನ್ನಡದಲ್ಲಿ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದ್ದೆ, ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಮುಂದೆ ಹೋಗುವವರಿಗಾದರೂ ಇರಲಿ ಎಂದು ಬರೆಯುತ್ತಿದ್ದೇನೆ.

ಇದು ಎಲೀಟ್ ಡೇಂಜರಸ್ ಎಂಬ ಕಂಪ್ಯೂಟರ್ ಆಟದ ಮಾತು. ಕೇಂಬ್ರಿಜ್‌ನ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ 2014ರಲ್ಲಿ ಹೊರತಂದ ಈ ಆಟದಲ್ಲಿ ನಮ್ಮ ಹಾಲುಹಾದಿ ಇಡಿಯಾಗಿ, ನಿಜವಾದ ಅಳತೆಯಲ್ಲೇ ಇದೆ. ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳು. ಖಗೋಳ ವಿಜ್ಞಾನಿಗಳ ಪಟ್ಟಿಯಲ್ಲಿರುವ ನಕ್ಷತ್ರಗಳು ಅವುಗಳ ಜಾಗದಲ್ಲೇ ಇವೆ, ಉಳಿದವು ಗಣಿತದಿಂದ ಹುಟ್ಟಿದವು. ಎಲ್ಲ ಆಟಗಾರರು ಸೇರಿ ನೋಡಿರುವುದು ಶೇಕಡಾ 0.05ರಷ್ಟು ಮಾತ್ರ ಎಂಬ ಲೆಕ್ಕ 2022ರ ಆರಂಭದಲ್ಲಿ ಹೊರಬಂದಿತ್ತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ನನ್ನಂಥವಳ ತಲೆಕೆಡಿಸಿದ್ದು ಆ ಸಂಖ್ಯೆ. ಕಂಪ್ಯೂಟರ್ ಹೊಂದಿಸಿ ಕೊಟ್ಟವನು ಬೆಂಗಳೂರಿನಲ್ಲಿರುವ ಅಣ್ಣನ ಮಗ. "ಅತ್ತೆ, ಇದರಲ್ಲಿ ಗುಂಡು ಹಾರಿಸುವುದು, ವ್ಯಾಪಾರ, ಗಣಿಗಾರಿಕೆ ಎಲ್ಲ ಇದೆ. ನೀವು ಗಿಡ ಹುಡುಕುವ ಕೆಲಸಕ್ಕೆ ಹೋಗಿ" ಎಂದ. ಹೋದೆ.

ಗಿಡ ಹುಡುಕುವ ಈ ಕೆಲಸ ಬಂದದ್ದು 2021ರ ಮೇ ತಿಂಗಳಲ್ಲಿ, ಒಡಿಸ್ಸಿ ಎಂಬ ವಿಸ್ತರಣೆಯ ಜೊತೆಗೆ. ಹಡಗಿನಿಂದ ಇಳಿದು ಕಾಲ್ನಡಿಗೆಯಲ್ಲಿ ಓಡಾಡಲು ಸಾಧ್ಯವಾದದ್ದೇ ಆಗ. ಆದ್ದರಿಂದ ಖರೀದಿಸುವ ಮೊದಲು ನೋಡಿಕೊಳ್ಳಿ: ಮೂಲ ಆಟದ ಜೊತೆ ಒಡಿಸ್ಸಿಯೂ ಬೇಕು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಇರುವವರಿಗೆ ಇದು ಸಿಗುವುದಿಲ್ಲ. ಆನ್‌ಲೈನ್ ಮಾರಾಟ ಮಳಿಗೆಗಳಲ್ಲಿ ಆಗಾಗ ಭಾರಿ ರಿಯಾಯಿತಿ ಬರುತ್ತದೆ, ಕಾದು ಕೊಳ್ಳಿ. ಜಾಯ್‌ಸ್ಟಿಕ್ ಅನಿವಾರ್ಯವಲ್ಲ, ನಾನು ಕೀಬೋರ್ಡ್ ಮತ್ತು ಮೌಸ್‌ನಲ್ಲೇ ಮುಗಿಸಿದೆ. ಖರ್ಚು ಮಾಡಲೇಬೇಕಾದದ್ದು ಯುಪಿಎಸ್ ಮೇಲೆ. ಒಬ್ಬರೇ ಆಡುವ 'ಸೋಲೋ' ವಿಧಾನದಲ್ಲೂ ಇಂಟರ್ನೆಟ್ ಬೇಕೇ ಬೇಕು, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳುವ ಹಾಗಿಲ್ಲ. ಸಂಪರ್ಕ ಕಡಿದರೂ ಹಡಗಿಗೆ ಏನೂ ಆಗುವುದಿಲ್ಲ, ಮತ್ತೆ ಬಂದಾಗ ಇದ್ದಲ್ಲೇ ಇರುತ್ತದೆ. ಆದರೆ ಎದೆ ಒಮ್ಮೆ ಧಸಕ್ಕೆನ್ನುವುದು ತಪ್ಪುವುದಿಲ್ಲ.

ಇನ್ನು ಹಡಗಿನ ವಿಷಯ. ಎಲ್ಲರಿಗೂ ಮೊದಲು ಸಿಗುವುದು ಸೈಡ್‌ವೈಂಡರ್ ಎಂಬ ಪುಟ್ಟ ಹಡಗು ಮತ್ತು 1,000 ಕ್ರೆಡಿಟ್. ಅದರಲ್ಲಿ ಕಾಗದಪತ್ರ ಸಾಗಿಸುವ ಚಿಲ್ಲರೆ ಕೆಲಸ ಮಾಡುತ್ತ, ಹತ್ತಿರದ ಗ್ರಹಗಳನ್ನು ಸ್ಕ್ಯಾನ್ ಮಾಡಿ ಮಾರುತ್ತ ದುಡ್ಡು ಕೂಡಿಸಬೇಕು. ಮಾದರಿ ತೆಗೆಯುವ ಉಪಕರಣ ಬರುವುದು ಆರ್ಟೆಮಿಸ್ ಎಂಬ ಬಾಹ್ಯಾಕಾಶ ಸೂಟಿನ ಜೊತೆ. ಬೆಲೆ 1,50,000 ಕ್ರೆಡಿಟ್, ಪಯೋನಿಯರ್ ಸಪ್ಲೈಸ್ ಅಂಗಡಿಯಲ್ಲಿ. ಹಡಗಿಗೆ ನಾನು ಆರಿಸಿಕೊಂಡದ್ದು ಡೈಮಂಡ್‌ಬ್ಯಾಕ್ ಎಕ್ಸ್‌ಪ್ಲೋರರ್. ಸುಮಾರು 19 ಲಕ್ಷ ಕ್ರೆಡಿಟ್‌ಗೆ ಬರುತ್ತದೆ, ಬೇಗ ಬಿಸಿಯಾಗುವುದಿಲ್ಲ, ಚಿಕ್ಕದಾದ್ದರಿಂದ ಗುಡ್ಡದ ಇಳಿಜಾರಿನಲ್ಲೂ ಕಾಲೂರಲು ಜಾಗ ಸಿಗುತ್ತದೆ. ದೊಡ್ಡ ಹಡಗಿನ ಆಸೆಗೆ ಬಿದ್ದವರು ಸಮತಟ್ಟಾದ ನೆಲ ಹುಡುಕುತ್ತ ಸುತ್ತುವುದರಲ್ಲೇ ಸಂಜೆ ಕಳೆಯುತ್ತಾರೆ.

ಮೊದಲ ಸರ್ಕಾರಿ ಕಚೇರಿಯ ಅನುಭವ ಆದದ್ದು ಎಂಜಿನ್ ವಿಷಯದಲ್ಲಿ. ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿಸುವ ಫ್ರೇಮ್ ಶಿಫ್ಟ್ ಡ್ರೈವನ್ನು ಸುಧಾರಿಸಿದರೆ ಒಂದೊಂದು ಜಿಗಿತವೂ ಉದ್ದವಾಗುತ್ತದೆ. ಆ ಕೆಲಸಕ್ಕೆ ಹೆಸರಾದವಳು ಡೆಸಿಯಾಟ್ ವ್ಯವಸ್ಥೆಯಲ್ಲಿರುವ ಫೆಲಿಸಿಟಿ ಫಾರ್ಸೀರ್. ಆದರೆ ಅನ್ವೇಷಣೆಯಲ್ಲಿ 'ಸ್ಕೌಟ್' ದರ್ಜೆ ತಲುಪದವರನ್ನು ಅವಳು ಕರೆಯುವುದಿಲ್ಲ. ಕರೆದ ಮೇಲೂ ಮೆಟಾ ಅಲಾಯ್ ಎಂಬ ಅಪರೂಪದ ವಸ್ತು ಒಂದನ್ನು ತಂದೊಪ್ಪಿಸದೆ ಕೈ ಮುಟ್ಟುವುದಿಲ್ಲ. ಅದನ್ನು ಕೊಳ್ಳಲು ನಾನು ಹೋದದ್ದು ಮಾಯಾ ನಕ್ಷತ್ರದ ಡಾರ್ನಿಯೆಲ್ಸ್ ಪ್ರೋಗ್ರೆಸ್‌ಗೆ. ಮಾಯಾ ನಿಜವಾಗಿಯೂ ಆಕಾಶದಲ್ಲಿರುವ ನಕ್ಷತ್ರ, ನಮ್ಮ ಕೃತ್ತಿಕೆಯ ಗುಂಪಿನದು. ಸುಮಾರು 400 ಜ್ಯೋತಿರ್ವರ್ಷ ಹೋಗಿ ಒಂದು ವಸ್ತು ಕೊಂಡು ವಾಪಸ್ ಬಂದರೆ, ಸುಧಾರಣೆಗೆ ಬೇಕಾದ ಆರ್ಸೆನಿಕ್ ಮುಂತಾದವನ್ನು ಕಲ್ಲು ಒಡೆದು ತರುವ ಕೆಲಸ ಮತ್ತೆ ಬೇರೆ. ಬೇಸರ ಬಂದು ಹಾಗೇ ಹೊರಟುಬಿಡೋಣ ಎನಿಸುತ್ತದೆ. ಬೇಡ. ಸಂಖ್ಯೆಯಲ್ಲಿ ಹೇಳುವುದಾದರೆ 40 ಜ್ಯೋತಿರ್ವರ್ಷದ ಆಸುಪಾಸಿನ ಜಿಗಿತ, ಸುಧಾರಿಸಿ, ಜಿಗಿತ ಉದ್ದವಾಗಿಸುವ ಗಾರ್ಡಿಯನ್ ಬೂಸ್ಟರ್ ಎಂಬ ಘಟಕವನ್ನೂ ಸೇರಿಸಿದರೆ 60 ದಾಟುತ್ತದೆ. ದಾರಿಯ ಜಿಗಿತಗಳಲ್ಲಿ ಮೂರನೇ ಒಂದು ಭಾಗ ಉಳಿತಾಯವಾದಂತೆ. ಡೆಸಿಯಾಟ್‌ಗೆ ಹೋಗುವಾಗ ಮಾತ್ರ ಸೋಲೋದಲ್ಲೇ ಹೋಗಿ. ಎಲ್ಲರೂ ಇರುವ 'ಓಪನ್' ವಿಧಾನದಲ್ಲಿ ಹೊಸಬರನ್ನು ಹೊಡೆದುರುಳಿಸಿ ಖುಷಿಪಡುವವರು ಅಲ್ಲಿ ಕಾದು ಕೂತಿರುತ್ತಾರೆ.

ಗುರಿಯಾಗಿ ಕೊಲೋನಿಯಾವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. 2016ರಲ್ಲಿ, ಅಂದರೆ ಆಟದ ಲೆಕ್ಕದಲ್ಲಿ 3302ರಲ್ಲಿ, ಜಾಕ್ಸ್ ಸ್ಟೇಷನ್ ಎಂಬ ಇಡೀ ಬಾಹ್ಯಾಕಾಶ ನಿಲ್ದಾಣವೇ ಗ್ಯಾಲಕ್ಸಿಯ ಆಚೆ ತುದಿಯ ಬೀಗಲ್ ಪಾಯಿಂಟ್‌ಗೆ ಜಿಗಿಯಲು ಹೋಗಿ ನಡುದಾರಿಯಲ್ಲಿ ಕಾಣೆಯಾಯಿತು. ಆಟಗಾರರು ಹುಡುಕಿ ಹುಡುಕಿ ಪತ್ತೆಮಾಡಿದರು. ಅದು ನಿಂತಲ್ಲೇ ಊರು ಬೆಳೆಯಿತು, ಅದೇ ಕೊಲೋನಿಯಾ. ಮಾದರಿ ಮಾರುವ ಕೌಂಟರ್ ಆ ತುದಿಯಲ್ಲೂ ಇರುವುದರಿಂದ ಹೊತ್ತದ್ದನ್ನೆಲ್ಲ ಮತ್ತೆ ಸೂರ್ಯನ ಬಳಿಗೆ ತರಬೇಕಾಗಿಲ್ಲ. ಇದು ಏಕೆ ಮುಖ್ಯವೆಂದು ಮುಂದೆ ಗೊತ್ತಾಗುತ್ತದೆ.

ದಾರಿಯ ದಿನಚರಿ ಹೀಗೆ. ಜಿಗಿದು ಹೊಸ ನಕ್ಷತ್ರದ ಮುಂದೆ ಬಂದು ನಿಲ್ಲುತ್ತೀರಿ. ಅದರ ಅಂಚಿಗೆ ಸರಿದು ಸ್ಕೂಪಿನಿಂದ ಇಂಧನ ತುಂಬಿಕೊಳ್ಳಬೇಕು. ಒ, ಬಿ, ಎ, ಎಫ್, ಜಿ, ಕೆ, ಎಂ ವರ್ಗದ ನಕ್ಷತ್ರಗಳು ಮಾತ್ರ ಇಂಧನ ಕೊಡುತ್ತವೆ. ಕಂದು ಕುಬ್ಜಗಳು, ಶ್ವೇತ ಕುಬ್ಜಗಳು ಕೊಡುವುದಿಲ್ಲ. ನಕ್ಷೆಯಲ್ಲಿ ಈ ಏಳು ವರ್ಗಗಳನ್ನಷ್ಟೇ ಉಳಿಸಿಕೊಂಡು ದಾರಿ ಹಾಕಿಸಿದರೆ ಅರ್ಧ ಆತಂಕ ಕಡಿಮೆ. ಆದರೂ ಇಂಧನ ಮುಗಿದು ಸಿಕ್ಕಿಬಿದ್ದರೆ ಫ್ಯೂಯೆಲ್ ರ್ಯಾಟ್ಸ್ ಎಂಬ ಆಟಗಾರರ ಬಳಗವಿದೆ, ಎಲ್ಲಿದ್ದರೂ ಬಂದು ಪುಕ್ಕಟೆ ಇಂಧನ ಕೊಟ್ಟು ಹೋಗುತ್ತಾರೆ. ಸೋಲೋದಲ್ಲಿ ಇರುವವರನ್ನು ಅವರು ತಲುಪಲಾರರು, ಅವರು ಹೇಳಿದಂತೆ ವಿಧಾನ ಬದಲಿಸಿಕೊಳ್ಳಬೇಕು.

ನಂತರ ಸ್ಕ್ಯಾನರ್ ಒತ್ತಿ ಗ್ರಹಗಳನ್ನು ಒಂದೊಂದಾಗಿ ಗುರುತಿಸಬೇಕು. ಯಾವುದರಲ್ಲಿ ಎಷ್ಟು ಬಗೆಯ ಜೀವಿಗಳಿವೆ ಎಂಬ ಸುಳಿವು ಆಗಲೇ ಸಿಗುತ್ತದೆ. ನೀಲಿ ಸಮುದ್ರ, ಹಸಿರು ಭೂಖಂಡ ಇರುವ ಭೂಮಿಯಂಥ ಗ್ರಹ ಕಂಡು ಕುಣಿಯಬೇಡಿ, ಅಲ್ಲಿ ಇಳಿಯಲು ಬರುವುದಿಲ್ಲ. ಇಳಿಯಬಹುದಾದದ್ದು ವಾತಾವರಣವೇ ಇಲ್ಲದ ಅಥವಾ ತೀರ ತೆಳುವಾಗಿರುವ ಗ್ರಹಗಳಲ್ಲಿ. ಹೆಚ್ಚಿನ ಜೀವಿಗಳು ತೆಳು ವಾತಾವರಣದವು. ಗ್ರಹದ ಬಳಿ ಹೋಗಿ ಶೋಧಕಗಳನ್ನು ಹಾರಿಸಿದರೆ ಕುಲದ ಹೆಸರೂ, ಯಾವ ನೆಲದಲ್ಲಿ ಸಿಗಬಹುದೆಂಬ ಬಣ್ಣದ ನಕ್ಷೆಯೂ ತೆರೆದುಕೊಳ್ಳುತ್ತದೆ.

ಬಳಿ ಹೋಗಿ ಎಂದೆನಲ್ಲ, ಅದೇ ಕಾಯುವ ಕೆಲಸ. ಜೋಡಿ ನಕ್ಷತ್ರದ ಎರಡನೆಯದನ್ನು ಸುತ್ತುವ ಗ್ರಹ ಲಕ್ಷಾಂತರ ಜ್ಯೋತಿಸೆಕೆಂಡು (ಬೆಳಕು ಒಂದು ಸೆಕೆಂಡಿನಲ್ಲಿ ಸಾಗುವ ದೂರ) ಆಚೆ ಇರಬಹುದು. ಆಲ್ಫಾ ಸೆಂಟಾರಿಯ ಹಟನ್ ಆರ್ಬಿಟಲ್ ನಿಲ್ದಾಣ 0.22 ಜ್ಯೋತಿರ್ವರ್ಷ ದೂರ, ಸಾಮಾನ್ಯ ವೇಗದಲ್ಲಿ ಮುಟ್ಟಲು ಒಂದು ಗಂಟೆಗೂ ಹೆಚ್ಚು ಬೇಕೆಂದು ಅದರ ಬಗ್ಗೆ ತಮಾಷೆಗಳೇ ಇವೆ. ಅಂಥ ಹೊತ್ತಿನಲ್ಲಿ ನಾನು ಹಡಗನ್ನು ಗುರಿಗೆ ತಿರುಗಿಸಿಟ್ಟು ಅಡುಗೆಮನೆಗೆ ಹೋಗಿ ಕುಕ್ಕರ್ ಇಟ್ಟು ಬರುತ್ತಿದ್ದೆ. ಮೂರು ವಿಸಿಲ್ ಆಗುವಷ್ಟರಲ್ಲಿ ಗ್ರಹ ಕಾಣಿಸಿಕೊಳ್ಳುತ್ತಿತ್ತು.

ನೆಲಕ್ಕಿಳಿದ ಮೇಲಿನದು ನನ್ನ ಹಳೆಯ ವೃತ್ತಿ. ಒಂದು ಪ್ರಭೇದ ದಾಖಲಾಗಬೇಕಾದರೆ ಮೂರು ಮಾದರಿ ತೆಗೆಯಬೇಕು, ಮೂರೂ ಒಂದಕ್ಕೊಂದು ನಿಗದಿತ ದೂರದಲ್ಲಿರಬೇಕು. ಫ್ರುಟೆಕ್ಸಾ ಪೊದೆಗೆ 150 ಮೀಟರ್, ಟಸಕ್ ಹುಲ್ಲಿಗೆ 200, ಬ್ಯಾಕ್ಟೀರಿಯಂ ಮತ್ತು ಸ್ಟ್ರಾಟಮ್‌ಗೆ 500, ಎತ್ತರದ ಕೊಳವೆಯಂಥ ಟ್ಯೂಬಸ್‌ಗೆ 800, ಹಿಮಗ್ರಹಗಳಲ್ಲಿ ಮಿಂಚುವ ಎಲೆಕ್ಟ್ರಿಕೆಗೆ ಪೂರ್ತಿ ಒಂದು ಕಿಲೋಮೀಟರ್. ಇದನ್ನು ಸುಮ್ಮನೆ ನಡೆಸಿ ಸತಾಯಿಸುವ ನಿಯಮ ಎಂದು ಬೈಯುವವರಿದ್ದಾರೆ. ನನಗೆ ಹಾಗನಿಸಲಿಲ್ಲ. ದಾಂಡೇಲಿಯ ಕಾಡಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗ ಒಂದೇ ಬಿದಿರುಮೆಳೆಯಿಂದ ಮೂರು ಕಡ್ಡಿ ಮುರಿದು ತಂದು ಮೂರು ಮಾದರಿ ಎನ್ನುತ್ತಿದ್ದರು. ಮೆಳೆಯ ಕಳಲೆಗಳೆಲ್ಲ ಒಂದೇ ಬೇರಿನಿಂದ ಎದ್ದವು, ವಂಶವಾಹಿ ಒಂದೇ. ಮೂರು ಕಡ್ಡಿಯೂ ಒಂದೇ ಗಿಡ. ಬೇರೆ ಮಾದರಿ ಬೇಕೆಂದರೆ ಬೇರೆ ಮೆಳೆಗೆ ನಡೆಯಬೇಕು. ಆಟ ಮಾಡಿದವರಿಗೆ ಇದು ಗೊತ್ತಿದೆ. ಉಪಕರಣದ ಪರದೆಯ ಮೇಲೆ ಹಿಂದಿನ ಮಾದರಿಯಿಂದ ಎಷ್ಟು ದೂರ ಬಂದಿದ್ದೀರಿ ಎಂಬುದನ್ನು ತೋರಿಸುತ್ತಲೇ ಇರುತ್ತದೆ.

ಒಂದು ಎಚ್ಚರಿಕೆ. ಒಂದು ಪ್ರಭೇದದ ಮೂರು ಮಾದರಿ ಮುಗಿಯುವ ಮೊದಲು ಇನ್ನೊಂದಕ್ಕೆ ಕೈ ಹಾಕಿದರೆ ಮೊದಲಿನದು ಅಳಿಸಿಹೋಗುತ್ತದೆ. ಹಿಡಿದದ್ದನ್ನು ಮುಗಿಸಿಯೇ ಮುಂದಿನದು.

ಸ್ಟ್ರಾಟಮ್ ಟೆಕ್ಟೋನಿಕಾಸ್ ಮೊದಲ ಬಾರಿ ಸಿಕ್ಕಿದ ಗ್ರಹವನ್ನು ಮರೆಯಲಾರೆ. ಮೇಲಿನಿಂದ ನೋಡಿದಾಗ ಬಂಡೆಗಳ ನಡುವೆ ದುಂಡನೆಯ ಕಲೆಗಳಷ್ಟೇ ಕಂಡವು. ಇಳಿದು ಹತ್ತಿರ ಹೋಗಿ ಮಂಡಿಯೂರಿದೆ. ನೆಲಕ್ಕೆ ಕಚ್ಚಿಕೊಂಡ ಚಪ್ಪಟೆ ಬಿಲ್ಲೆಗಳು, ಒಂದರ ಅಂಚು ಇನ್ನೊಂದರ ಮೇಲೆ ಹತ್ತಿದೆ, ಕಲ್ಲಿನ ಉಬ್ಬುತಗ್ಗು ಇದ್ದಂತೆಯೇ ಮೈಯೂ ಬಾಗಿದೆ. ಸೂಟಿನ ದೀಪ ಹಾಯಿಸಿದರೆ ಮೇಲ್ಮೈಯ ಒರಟು ಕಾಣುತ್ತದೆ. ಬೆಳಕಿಗೆ ಮೈಯೊಡ್ಡಿ ಬದುಕುವ ಜೀವಿಗೆ ತಕ್ಕ ಆಕಾರ. ಯಾವ ನಕ್ಷತ್ರದ ಬೆಳಕು ಎಂಬುದರ ಮೇಲೆ ಇದರ ಬಣ್ಣ ಬದಲಾಗುತ್ತದೆ, ಆದ್ದರಿಂದ ಒಂದು ಕಡೆ ಕಂಡ ಬಣ್ಣವನ್ನೇ ನೆಚ್ಚಿ ಹುಡುಕಬೇಡಿ. ಲೋಹಾಂಶ ಹೆಚ್ಚಿರುವ, 165 ಕೆಲ್ವಿನ್‌ಗಿಂತ ಬೆಚ್ಚಗಿರುವ, ತೆಳು ಗಾಳಿಯ ಗ್ರಹ ಎಂದರೆ ಇದು ಸಿಗುವ ಸಾಧ್ಯತೆ ಜಾಸ್ತಿ.

ಇದಕ್ಕೆ ಇಷ್ಟು ಬೇಡಿಕೆ ಏಕೆಂದರೆ ಬೆಲೆ. ಒಂದು ದಾಖಲೆಗೆ 1,90,10,800 ಕ್ರೆಡಿಟ್. ಆ ಗ್ರಹದಲ್ಲಿ ಅದನ್ನು ಮೊದಲು ದಾಖಲಿಸಿದವರು ನೀವೇ ಆದರೆ ಬೋನಸ್ ಸೇರಿ ಐದು ಪಟ್ಟು, 9.5 ಕೋಟಿ. ಅದೇ ಸಾಮಾನ್ಯ ಬ್ಯಾಕ್ಟೀರಿಯಂಗೆ 10 ಲಕ್ಷ. ಬ್ಯಾಕ್ಟೀರಿಯಂ ಹುಡುಕುವ ಕಷ್ಟ ಹೇಳತೀರದು: ನೆಲದ ಮೇಲೆ ಚೆಲ್ಲಿದ ಕಲೆಯಂತೆ ಬಿದ್ದಿರುತ್ತದೆ, ನೂರಿನ್ನೂರು ಮೀಟರ್ ಎತ್ತರದಲ್ಲಿ ನಿಧಾನವಾಗಿ ಹಾರಿದರಷ್ಟೇ ಕಣ್ಣಿಗೆ ಬೀಳುತ್ತದೆ, ರಾತ್ರಿಯ ಭಾಗದಲ್ಲಿ ಅದೂ ಇಲ್ಲ. ಬಿಸಿಲು ಬಿದ್ದ ಬದಿಯಲ್ಲೇ ಇಳಿಯಿರಿ. ಬಹಳ ಜನ ಇದನ್ನು ಬಿಟ್ಟೇ ಮುಂದೆ ಹೋಗುತ್ತಾರೆ. ಬೆಲೆಪಟ್ಟಿ ಕೈಗೆ ಬಂದ ಮೇಲೆ ನನ್ನ ಕಣ್ಣೂ ಹಾಗೇ ಆಗತೊಡಗಿದ್ದನ್ನು ಗಮನಿಸಿದೆ. ಒಂದೇ ಜೀವಿಯಿರುವ ಗ್ರಹ ಎಂದರೆ ಬ್ಯಾಕ್ಟೀರಿಯಂ ಇರಬಹುದು ಎಂದು ಮುಖ ತಿರುಗಿಸುವುದು, ಐದಾರು ಜೀವಿಗಳಿದ್ದರೆ ಓಡುವುದು. ನನಗದು ಹಿಡಿಸಲಿಲ್ಲ. ಕಾಡಿಗೆ ಹೋದವರು ಗಂಧದ ಮರ ಮಾತ್ರ ನೋಡಿಕೊಂಡು ಬಂದರೆ ಅವರನ್ನು ಸಸ್ಯಶಾಸ್ತ್ರಜ್ಞರು ಎನ್ನುವುದಿಲ್ಲ. ಇಳಿದ ಗ್ರಹದಲ್ಲಿ ಇರುವುದನ್ನೆಲ್ಲ ದಾಖಲಿಸಿಯೇ ಏಳುವುದು ಎಂದು ತೀರ್ಮಾನಿಸಿದೆ. ಪ್ರಯಾಣ ಇಷ್ಟು ಉದ್ದವಾದದ್ದು ಅದರಿಂದಲೇ.

ಗುಡ್ಡಗಾಡಿನಲ್ಲಿ ಇನ್ನೊಂದು ತೊಡಕಿದೆ. ನಡೆಯುತ್ತ ಬಹಳ ದೂರ ಹೋದರೆ ಹಡಗು ತಾನೇ ಎದ್ದು ಹೋಗುತ್ತದೆ, ಮತ್ತೆ ಕರೆದರೆ ಸಮತಟ್ಟಾದ ಜಾಗ ಸಿಕ್ಕಲ್ಲಿ ಇಳಿಯುತ್ತದೆ. ಒಮ್ಮೆ ಕಣಿವೆಯ ಆಚೆ ಬದಿಯಲ್ಲಿ ಇಳಿದು ನಿಂತಿತ್ತು, ಸೂಟಿನ ಬ್ಯಾಟರಿ ನೋಡಿಕೊಳ್ಳುತ್ತ ಇಳಿದು ಹತ್ತಬೇಕಾಯಿತು. ಜೀವಿಗಳಿರುವ ಗ್ರಹಗಳಲ್ಲಿ ಗುರುತ್ವ ಸಾಮಾನ್ಯವಾಗಿ ಭೂಮಿಗಿಂತ ಬಹಳ ಕಡಿಮೆ; ಬೆನ್ನಿನ ಜೆಟ್ ಒತ್ತಿ ಹಾರಿ ಹಾರಿ ಸಾಗಬಹುದು ಎಂಬುದೊಂದೇ ಸಮಾಧಾನ. ಹಡಗಿನ ತೂಕ ಇಳಿಸಲೆಂದು ಶೀಲ್ಡ್ ಕಿತ್ತುಹಾಕುವವರಿಗೆ ನನ್ನ ಮಾತು: ಚಿಕ್ಕದಾದರೂ ಒಂದನ್ನು ಇಟ್ಟುಕೊಳ್ಳಿ. ಇಳಿಯುವಾಗ ಬಂಡೆಗೆ ಒಮ್ಮೆ ತಾಗಿದರೂ ಮುಂದಿನ ಹತ್ತು ಸಾವಿರ ಜ್ಯೋತಿರ್ವರ್ಷ ಬಿರುಕುಬಿಟ್ಟ ಹಡಗಿನಲ್ಲಿ ಹೋಗಬೇಕಾಗುತ್ತದೆ.

ಈಗ ಭಯದ ವಿಷಯ. ಮಾರುವ ಮೊದಲು ಹಡಗು ನಾಶವಾದರೆ, ಅಥವಾ ನೀವು ಸತ್ತರೆ, ಹೊತ್ತ ಮಾದರಿಗಳೆಲ್ಲ ಹೋಗುತ್ತವೆ. ವಿಮೆಯಿಂದ ಹಡಗು ವಾಪಸ್ ಬರುತ್ತದೆ, ಮಾದರಿ ಬರುವುದಿಲ್ಲ. "ಮಾರುವ ತನಕ ಅದು ನಿಮ್ಮದಲ್ಲ ಅತ್ತೆ" ಎಂದು ಹುಡುಗ ಮೊದಲೇ ಹೇಳಿದ್ದ. ಆರಂಭದಲ್ಲಿ ಅದು ಬರೀ ಮಾತು. ಪಟ್ಟಿ ಉದ್ದವಾದಂತೆ ಪ್ರತಿ ಇಳಿತಕ್ಕೂ ಅಂಗೈ ಬೆವರತೊಡಗಿತು. ನ್ಯೂಟ್ರಾನ್ ನಕ್ಷತ್ರದ ಧ್ರುವದಿಂದ ಚಿಮ್ಮುವ ಧಾರೆಯೊಳಗೆ ಹಾಯ್ದರೆ ಮುಂದಿನ ಜಿಗಿತ ನಾಲ್ಕು ಪಟ್ಟಾಗುತ್ತದೆ. ಪ್ರಯಾಣದ ಮೊದಲ ಅರ್ಧದಲ್ಲಿ ಉತ್ಸಾಹದಿಂದ ಹಾಯ್ದವಳು, ಎರಡನೆಯ ಅರ್ಧದಲ್ಲಿ ಅವುಗಳ ದಿಕ್ಕಿಗೂ ತಲೆ ಹಾಕಲಿಲ್ಲ. ಪ್ರತಿ ಬಾರಿಯೂ ಡ್ರೈವ್ ಸ್ವಲ್ಪ ಸವೆಯುತ್ತದೆ ಬೇರೆ. ರಿಪೇರಿ ಮಾಡಿಕೊಳ್ಳುವ ಘಟಕ ಹಡಗಿನಲ್ಲಿ ಇಲ್ಲದಿದ್ದರೆ ಆ ದಾರಿಯ ಯೋಚನೆಯೇ ಬೇಡ.

ಹಾಗಾಗಿ ಹೊರಡುವ ಮೊದಲೇ ಎಲ್ಲಿ ಮಾರುತ್ತೀರಿ ಎಂಬುದನ್ನು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಡೀಪ್ ಸ್ಪೇಸ್ ಸಪೋರ್ಟ್ ಅರೇ ಎಂಬ ಹೆಸರಿನಲ್ಲಿ ಆಟಗಾರರೇ ತಮ್ಮ ದೊಡ್ಡ ವಾಹಕ ಹಡಗುಗಳನ್ನು ಗ್ಯಾಲಕ್ಸಿಯ ಮೂಲೆ ಮೂಲೆಗಳಲ್ಲಿ ನಿಲ್ಲಿಸಿದ್ದಾರೆ. ನನ್ನ ದಾರಿಗೆ ಹತ್ತಿರವೆಂದು ಬೇರೆ ಯಾರದೋ ಒಂದು ಖಾಸಗಿ ವಾಹಕಕ್ಕೆ ಸುತ್ತು ಹಾಕಿ ಹೋದೆ. ಗ್ರಹಗಳ ನಕ್ಷೆ ಕೊಳ್ಳುವ ಯೂನಿವರ್ಸಲ್ ಕಾರ್ಟೋಗ್ರಾಫಿಕ್ಸ್ ಕೌಂಟರ್ ಇತ್ತು, ಜೀವಿಗಳ ಮಾದರಿ ಕೊಳ್ಳುವ ವಿಸ್ಟಾ ಜಿನೋಮಿಕ್ಸ್ ಇರಲಿಲ್ಲ. ಎರಡೂ ಬೇರೆ ಬೇರೆ ಕೌಂಟರುಗಳು, ವಾಹಕಗಳಲ್ಲಿ ಎರಡೂ ಮಾಲೀಕರ ಇಷ್ಟಕ್ಕೆ ಬಿಟ್ಟ ಸೇವೆಗಳು. ಒಂದು ಕಡೆಯ ಕಾಗದ ಇನ್ನೊಂದು ಕಿಟಕಿಯಲ್ಲಿ ನಡೆಯುವುದಿಲ್ಲ ಎಂಬುದು ನಮಗೆ ಹೊಸದೇನಲ್ಲವಲ್ಲ. ನಕ್ಷೆ ಮಾರಿ, ಮಾದರಿ ಹೊತ್ತುಕೊಂಡೇ ಹೊರಬಿದ್ದೆ.

ಕೊಲೋನಿಯಾ ಹತ್ತಿರ ಬಂದಂತೆ ನಕ್ಷತ್ರಗಳು ದಟ್ಟವಾಗುತ್ತವೆ, ಆಕಾಶದ ಒಂದು ಬದಿ ಪೂರ್ತಿ ಬೆಳ್ಳಗಾಗಿರುತ್ತದೆ. ಅದನ್ನು ನೋಡುವ ಮನಸ್ಸು ನನಗಿರಲಿಲ್ಲ. ಸೋಲೋದಲ್ಲೇ ಇದ್ದೇನೆಯೇ ಎಂದು ಮತ್ತೆ ಮತ್ತೆ ನೋಡಿಕೊಂಡೆ. ದೂರದಿಂದ ಬಂದವರನ್ನು ನಿಲ್ದಾಣದ ಬಾಗಿಲಲ್ಲಿ ಕೊಲ್ಲುವ ಆಟಗಾರರ ಕಥೆ ಬೇಕಾದಷ್ಟಿವೆ. ಇಳಿಯಲು ಅನುಮತಿ ಕೇಳಿದೆ, ಹಸಿರು ದೀಪ ಬಂತು, ತೀರ ನಿಧಾನವಾಗಿ ಒಳಗೆ ಹೋದೆ. ಹಡಗಿನಿಂದ ಇಳಿದು ಲಿಫ್ಟ್ ಹತ್ತಿ, ಸಭಾಂಗಣ ದಾಟಿ, ಕೌಂಟರಿನ ಮುಂದೆ ನಿಂತೆ. ಪಟ್ಟಿಯಲ್ಲಿ ಸಾಲಿಗೊಂದು ಜೀವಿ, ಪಕ್ಕದಲ್ಲಿ ಬೆಲೆ. ಎಲ್ಲವನ್ನೂ ಒಟ್ಟಿಗೆ ಮಾರಬಹುದಿತ್ತು. ನಾನು ಒಂದೊಂದಾಗಿ ಮಾರಿದೆ, ಯಾವ ಗ್ರಹದ್ದು, ಯಾವ ಇಳಿಜಾರಿನದು ಎಂದು ನೆನಪು ಮಾಡಿಕೊಳ್ಳುತ್ತ. ಅರ್ಧ ಸಂಜೆ ಹುಡುಕಿಸಿದ ಬ್ಯಾಕ್ಟೀರಿಯಂ ಬೋನಸ್ ಸೇರಿ 50 ಲಕ್ಷಕ್ಕೆ ಹೋಯಿತು. ಹಡಗಿನಿಂದ ಇಳಿದ ಕಡೆಯೇ ಸಿಕ್ಕ ಸ್ಟ್ರಾಟಮ್ 9.5 ಕೋಟಿಗೆ.

ಫೋನ್ ಮಾಡಿದರೆ ಹುಡುಗನ ಮೊದಲ ಪ್ರಶ್ನೆ, "ಒಟ್ಟು ಎಷ್ಟು ಬಂತು?" ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತೆ, ನನಗೊಂದು ಹಡಗು ಕೊಡಿಸಿ" ಎಂದ. ಒಬ್ಬರ ಕ್ರೆಡಿಟ್ ಇನ್ನೊಬ್ಬರಿಗೆ ವರ್ಗಾಯಿಸಲು ಈ ಆಟದಲ್ಲಿ ದಾರಿಯಿಲ್ಲ ಎಂದು ನನಗೆ ಕಲಿಸಿದವನೇ ಅವನು.

ಹೊರಡುವವರಿಗೆ ಕೊನೆಯದಾಗಿ ಒಂದು ಮಾತು. ಎಲ್ಲಿ ಯಾವ ಜೀವಿ ಇದೆ ಎಂದು ಪಟ್ಟಿ ಮಾಡಿಕೊಡುವ ಜಾಲತಾಣಗಳಿವೆ, ಸ್ಪಾನ್ಷ್ ಅದರಲ್ಲಿ ಒಳ್ಳೆಯದು. ದರ್ಜೆ ಏರಲು, ಕೈ ಪಳಗಿಸಲು ಬಳಸಿ. ಆದರೆ ಆ ಪಟ್ಟಿಯಲ್ಲಿದೆ ಎಂದರೆ ಯಾರೋ ಆಗಲೇ ಅಲ್ಲಿಗೆ ಹೋಗಿದ್ದಾರೆ ಎಂದೇ ಅರ್ಥ, ಮೊದಲ ದಾಖಲೆಯ ಬೋನಸ್ ಹೆಚ್ಚಾಗಿ ಹೋಗಿರುತ್ತದೆ. ಕೊಲೋನಿಯಾದ ಹೆದ್ದಾರಿಯಿಂದ ಕೆಲವು ನೂರು ಜ್ಯೋತಿರ್ವರ್ಷ ಪಕ್ಕಕ್ಕೆ, ಇಲ್ಲವೇ ಗ್ಯಾಲಕ್ಸಿಯ ತಟ್ಟೆಯಿಂದ ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿದು ಹೋಗಿ, ಯಾರ ಹೆಸರೂ ಇಲ್ಲದ ವ್ಯವಸ್ಥೆಗಳು ಸಾಲುಸಾಲಾಗಿ ಸಿಗುತ್ತವೆ. ನನ್ನ ದಾರಿಯ ನಕ್ಷೆ ಕೊಡಿ ಎಂದು ಈಗಾಗಲೇ ಇಬ್ಬರು ಕೇಳಿದ್ದಾರೆ. ಸಂತೋಷವಾಗಿ ಕೊಡುತ್ತೇನೆ, ಆದರೆ ಅಲ್ಲಿ ನಿಮಗೆ ಸಿಗುವುದು ಐದರಲ್ಲಿ ಒಂದು ಪಾಲು ಅಷ್ಟೇ.